ನೆಲದಡಿಯ ಮೆಟ್ರೊ: ಹಣ ಹೂತುಹೋಗುವುದು ಎಲ್ಲಿ?

2017ರ ಜನವರಿ 1ರಂದು ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂ ಸುರಂಗ ಮಾರ್ಗದ ಮೊದಲ ಹಂತ ಸಂಚಾರಕ್ಕೆ ತೆರೆದುಕೊಂಡಿತು. ಉದ್ದ ಮೂರು ಕಿಲೊಮೀಟರಿಗೂ ಕಡಿಮೆ. ಹೊಸ ನಿಲ್ದಾಣಗಳು ಮೂರು. ವೆಚ್ಚ ಸುಮಾರು 445 ಕೋಟಿ ಡಾಲರ್, ಅಂದರೆ ಕಿಲೊಮೀಟರಿಗೆ 150 ಕೋಟಿ ಡಾಲರಿನಷ್ಟು. ಇದಕ್ಕೂ ಹದಿನೈದು ಇಪ್ಪತ್ತು ವರ್ಷ ಮೊದಲು ಮ್ಯಾಡ್ರಿಡ್ ನಗರ ಎಂಟು ವರ್ಷಗಳಲ್ಲಿ ನೂರು ಕಿಲೊಮೀಟರಿಗೂ ಹೆಚ್ಚು ಹೊಸ ಮೆಟ್ರೊ ಮಾರ್ಗ ಕಟ್ಟಿತ್ತು. ಅದರಲ್ಲಿ ಹೆಚ್ಚಿನದು ನೆಲದಡಿಯೇ. ಆ ಖರ್ಚನ್ನು ಹಣದುಬ್ಬರ ಸೇರಿಸಿ ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ ಕಿಲೊಮೀಟರಿಗೆ ನ್ಯೂಯಾರ್ಕಿನ ಹತ್ತರಲ್ಲೊಂದು ಪಾಲು ಆಗುವುದಿಲ್ಲ.

ಎರಡೂ ಸುರಂಗಗಳೇ. ಕೊರೆದ ಯಂತ್ರಗಳ ಜಾತಿಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಉಳಿದ ಒಂಬತ್ತು ಪಾಲು ಹಣ ಹೋಗಿದ್ದೆಲ್ಲಿಗೆ?

ಈ ಪ್ರಶ್ನೆ ನ್ಯೂಯಾರ್ಕಿನದು ಮಾತ್ರವಲ್ಲ. ಲಂಡನ್, ಟೊರಾಂಟೊ, ಸಿಂಗಪುರ, ಹಾಂಗ್‌ಕಾಂಗ್‌ಗಳೂ ದುಬಾರಿ ಪಟ್ಟಿಯಲ್ಲಿವೆ. ಸೋಲ್, ಇಸ್ತಾಂಬುಲ್, ಮ್ಯಾಡ್ರಿಡ್ ಅಗ್ಗದ ಪಟ್ಟಿಯಲ್ಲಿವೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರ ಗುಂಪೊಂದು ಹತ್ತಾರು ದೇಶಗಳ ನೂರಾರು ಮೆಟ್ರೊ ಯೋಜನೆಗಳ ಲೆಕ್ಕ ಕಲೆಹಾಕಿ, ನ್ಯೂಯಾರ್ಕ್, ಬಾಸ್ಟನ್, ಸ್ಟಾಕ್‌ಹೋಮ್, ಇಸ್ತಾಂಬುಲ್ ಮತ್ತು ಇಟಲಿಯ ನಗರಗಳನ್ನು ಆಳವಾಗಿ ಅಧ್ಯಯನ ಮಾಡಿ 2023ರಲ್ಲಿ ವರದಿ ಕೊಟ್ಟಿತು. ಅದನ್ನು ಓದಿದರೆ ಸಾಮಾನ್ಯವಾಗಿ ನಾವು ಕೊಡುವ ಕಾರಣಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ.

ಮೊದಲನೆಯ ಕಾರಣ ಕೂಲಿ. ಶ್ರೀಮಂತ ದೇಶದಲ್ಲಿ ಕೂಲಿ ಹೆಚ್ಚು, ಆದ್ದರಿಂದ ಮೆಟ್ರೊ ದುಬಾರಿ ಎನ್ನುವುದು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಸ್ವೀಡನ್ ಬಡ ದೇಶವಲ್ಲ, ಅಲ್ಲಿನ ಕಾರ್ಮಿಕ ಸಂಘಟನೆಗಳು ದುರ್ಬಲವೂ ಅಲ್ಲ. ಅಲ್ಲಿ ನಿರ್ಮಾಣದ ನೇರ ವೆಚ್ಚದಲ್ಲಿ ಕೂಲಿಯ ಪಾಲು ನಾಲ್ಕನೇ ಒಂದರ ಆಸುಪಾಸು. ನ್ಯೂಯಾರ್ಕಿನಲ್ಲಿ ಅದು ಶೇ 40ರಿಂದ 60. ಈ ಅಂತರವನ್ನು ದಿನಗೂಲಿಯ ದರವೊಂದೇ ವಿವರಿಸಲಾರದು. ಒಂದು ಕೆಲಸಕ್ಕೆ ಎಷ್ಟು ಜನರನ್ನು ನಿಲ್ಲಿಸುತ್ತಾರೆ ಎಂಬುದನ್ನೂ ನೋಡಬೇಕು. ಬೇರೆ ಕಡೆ ಹತ್ತು ಜನ ನಡೆಸುವ ಸುರಂಗ ಯಂತ್ರಕ್ಕೆ ನ್ಯೂಯಾರ್ಕಿನಲ್ಲಿ ಇಪ್ಪತ್ತೈದು ಜನ ಬೇಕಾಗುತ್ತಾರೆ. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಡಿಯ ಹೊಸ ರೈಲು ಟರ್ಮಿನಲ್ ಕಾಮಗಾರಿಯ ಸಂಬಳ ಪಟ್ಟಿಯನ್ನು 2010ರಲ್ಲಿ ಪರಿಶೀಲಿಸಿದ ಲೆಕ್ಕಿಗರೊಬ್ಬರಿಗೆ ಸುಮಾರು 900 ಜನರಲ್ಲಿ 200 ಜನರ ಕೆಲಸವೇನೆಂಬುದೇ ಗೊತ್ತಾಗಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ಬರೆಯಿತು. ಆ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು ಸಾವಿರ ಡಾಲರ್ ಸಲ್ಲುತ್ತಿತ್ತು. ಕಾರ್ಮಿಕ ಸಂಘಗಳ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಷ್ಟು ಜನ ಬೇಕೆಂಬ ಒಪ್ಪಂದಕ್ಕೆ ಗುತ್ತಿಗೆದಾರರೂ ಸಹಿ ಹಾಕಿರುತ್ತಾರೆ. ಬಿಲ್ ಎಷ್ಟು ದೊಡ್ಡದಾದರೆ ಅವರ ಲಾಭಾಂಶವೂ ಅಷ್ಟೇ ದೊಡ್ಡದು. ಹಣ ಕೊಡುವ ಸಂಸ್ಥೆ ಆ ಮಾತುಕತೆಯ ಮೇಜಿನಲ್ಲಿ ಇರುವುದೇ ಇಲ್ಲ.

ಎರಡನೆಯ ಕಾರಣ ಹಳೆಯ ನಗರ. ಅಗೆದಲ್ಲೆಲ್ಲ ಇತಿಹಾಸ ಸಿಕ್ಕರೆ ಕೆಲಸ ಮುಂದುವರಿಯುವುದು ಹೇಗೆ? ಇದರಲ್ಲಿ ನಿಜವಿದೆ. ರೋಮಿನ ಸಿ ಮಾರ್ಗಕ್ಕಾಗಿ ಅಗೆದಾಗ ಹೇಡ್ರಿಯನ್ ಚಕ್ರವರ್ತಿಯ ಕಾಲದ ಸೈನಿಕರ ವಸತಿಯೇ ಸಿಕ್ಕಿತು. ಇಸ್ತಾಂಬುಲಿನ ಯೆನಿಕಾಪಿಯಲ್ಲಿ ಬೈಜಾಂಟಿಯನ್ ಬಂದರಿನ ಜೊತೆ ಮೂವತ್ತೇಳು ಹಡಗುಗಳ ಅವಶೇಷಗಳು ಎದ್ದುಬಂದವು. ಗ್ರೀಸಿನ ಥೆಸ್ಸಲೊನೀಕಿಯಲ್ಲಿ 2006ರಲ್ಲಿ ಶುರುವಾದ, ಹತ್ತು ಕಿಲೊಮೀಟರೂ ಇಲ್ಲದ ಮೆಟ್ರೊ 2024ರ ನವೆಂಬರಿನಲ್ಲಿ ತೆರೆಯಿತು. ಇಂಥ ಕಡೆ ವರ್ಷಗಳು ಜಾರುತ್ತವೆ, ಹಣವೂ ಜಾರುತ್ತದೆ. ಆದರೂ ಅಷ್ಟೆಲ್ಲ ಹಡಗುಗಳನ್ನು ಎತ್ತಿದ ಇಸ್ತಾಂಬುಲ್ ಜಗತ್ತಿನಲ್ಲಿ ಅಗ್ಗವಾಗಿ ಮೆಟ್ರೊ ಕಟ್ಟುವ ನಗರಗಳಲ್ಲಿ ಒಂದಾಗಿಯೇ ಉಳಿದಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಬಂಡೆಯಡಿ ರೋಮನ್ ಸೈನಿಕರು ಮಲಗಿರಲಿಲ್ಲ.

ಸುರಕ್ಷತಾ ನಿಯಮಗಳು ಬಿಗಿಯಾದವು, ಅದಕ್ಕೇ ಖರ್ಚು ಹೆಚ್ಚಿತು ಎನ್ನುವ ವಾದವೂ ಇದೆ. 1987ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬೆಂಕಿ 31 ಜನರನ್ನು ಬಲಿ ಪಡೆದ ನಂತರ, 2003ರಲ್ಲಿ ದಕ್ಷಿಣ ಕೊರಿಯಾದ ದೇಗು ನಗರದ ಮೆಟ್ರೊ ಬೆಂಕಿಯಲ್ಲಿ 192 ಜನ ಸತ್ತ ನಂತರ, ಹೊಗೆ ಹೊರಹಾಕುವ ವ್ಯವಸ್ಥೆ, ತುರ್ತು ಮೆಟ್ಟಿಲು, ಬೆಂಕಿ ಹಿಡಿಯದ ಸಾಮಗ್ರಿ ಎಲ್ಲವೂ ಅನಿವಾರ್ಯವಾದವು. ನೂರು ವರ್ಷ ಹಿಂದಿನ ಸುರಂಗಕ್ಕೆ ಇವು ಯಾವುವೂ ಇರಲಿಲ್ಲ. ಆದರೆ ದೇಗು ದುರಂತದ ನಂತರ ದೇಶದಾದ್ಯಂತ ಬೋಗಿಗಳ ಒಳಾಂಗಣವನ್ನೇ ಬದಲಿಸಿದ ಕೊರಿಯಾ ಇವತ್ತಿಗೂ ಅಗ್ಗವಾಗಿ ಕಟ್ಟುವ ದೇಶ. ನಿಯಮ ಖರ್ಚನ್ನು ಸ್ವಲ್ಪ ಏರಿಸಬಹುದು, ಹತ್ತು ಪಟ್ಟು ಏರಿಸಲಾರದು.

ಇನ್ನು ನೆಲದೊಳಗೆ ಇಳಿಯೋಣ. ಸುರಂಗ ಕೊರೆಯುವ ಯಂತ್ರ ಒಂದು ಸಾಗುವ ಕಾರ್ಖಾನೆ. ಮುಂದಿನ ಚಕ್ರ ಮಣ್ಣು, ಬಂಡೆಯನ್ನು ಕೆರೆಯುತ್ತದೆ. ಹಿಂದಿನ ಕೈಗಳು ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಬಳೆಯಾಕಾರದ ಗೋಡೆ ಕಟ್ಟುತ್ತವೆ. ಬಳೆಗೂ ಮಣ್ಣಿಗೂ ನಡುವಿನ ಸಂದಿಗೆ ಗ್ರೌಟ್, ಅಂದರೆ ಸಿಮೆಂಟಿನ ಗಂಜಿ, ತುಂಬುತ್ತದೆ. ಕಟ್ಟಿದ ಬಳೆಯನ್ನೇ ಒದ್ದು ಯಂತ್ರ ಮುಂದೆ ಸರಿಯುತ್ತದೆ. ನೆಲ ಒಗ್ಗಿದರೆ ದಿನಕ್ಕೆ ಹತ್ತು ಹದಿನೈದು ಮೀಟರ್ ಸಾಗುವುದು ವಿಶೇಷವೇನಲ್ಲ. ಮೇಲೆ ಓಡಾಡುವವರಿಗೆ ಗೊತ್ತೂ ಆಗುವುದಿಲ್ಲ. ಪತ್ರಿಕೆಗಳಲ್ಲಿ ಚಿತ್ರ ಬರುವುದು, ಮಂತ್ರಿಗಳು ಹೂಮಾಲೆ ಹಾಕುವುದು ಈ ಯಂತ್ರಕ್ಕೆ. ಆದರೆ ಲೆಕ್ಕಪುಸ್ತಕದಲ್ಲಿ ಇದರ ಪಾಲು ಸಣ್ಣದು. ಸೆಕೆಂಡ್ ಅವೆನ್ಯೂ ಕಾಮಗಾರಿಯ ನೇರ ವೆಚ್ಚದಲ್ಲಿ ಮುಕ್ಕಾಲು ಭಾಗದಷ್ಟು ಹೋದದ್ದು ನಿಲ್ದಾಣಗಳಿಗೆ.

ನಿಲ್ದಾಣ ಎಂದರೆ ಏನೆಂದು ಒಮ್ಮೆ ಹತ್ತಿರದಿಂದ ನೋಡಬೇಕು. ದೊಡ್ಡ ರಸ್ತೆಯೊಂದರ ಅಡಿಯಲ್ಲಿ ನೀರಿನ ಕೊಳವೆ, ಒಳಚರಂಡಿ, ಅನಿಲ, ವಿದ್ಯುತ್, ದೂರವಾಣಿ ಕೇಬಲ್ಲುಗಳು ಒಂದರ ಮೇಲೊಂದು ಮಲಗಿರುತ್ತವೆ. ಹಲವಕ್ಕೆ ನಕ್ಷೆಯೇ ಇರುವುದಿಲ್ಲ, ಇದ್ದ ನಕ್ಷೆ ಸರಿಯಾಗಿರುವುದಿಲ್ಲ. ಮೊದಲು ಇವನ್ನೆಲ್ಲ ಹುಡುಕಿ, ಪಕ್ಕಕ್ಕೆ ಸರಿಸಬೇಕು. ಪ್ರತಿಯೊಂದರ ಒಡೆಯ ಬೇರೆ, ಪ್ರತಿಯೊಬ್ಬರ ಒಪ್ಪಿಗೆ ಬೇರೆ. ಆಮೇಲೆ ರಸ್ತೆಯ ಎರಡೂ ಬದಿಯಲ್ಲಿ ಕಿರಿದಾದ ಆಳವಾದ ಕಂದಕ ತೋಡಿ, ಅದು ಕುಸಿಯದಂತೆ ಜೇಡಿಮಣ್ಣಿನ ರಾಡಿ ತುಂಬಿಸಿ, ಅದರೊಳಕ್ಕೆ ಕಬ್ಬಿಣದ ಜಾಲ ಇಳಿಸಿ, ತಳದಿಂದ ಕಾಂಕ್ರೀಟ್ ಸುರಿಯಬೇಕು. ಕಾಂಕ್ರೀಟ್ ಏರಿದಂತೆ ರಾಡಿ ಹೊರಬರುತ್ತದೆ, ನೆಲದೊಳಗೆ ಗೋಡೆ ನಿಲ್ಲುತ್ತದೆ. ನಂತರ ಎರಡು ಗೋಡೆಗಳ ನಡುವೆ ಚಾವಣಿ ಹಾಸಿ, ರಸ್ತೆಯನ್ನು ಜನರಿಗೆ ಮರಳಿಸಿ, ಚಾವಣಿಯಡಿಯಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಕೆಳಗಿಳಿಯುತ್ತ ಮಣ್ಣು ತೆಗೆಯಬೇಕು. ಅಂತರ್ಜಲ ಒಳನುಗ್ಗದಂತೆ, ಅಕ್ಕಪಕ್ಕದ ಕಟ್ಟಡದ ಪಾಯ ಕೂರದಂತೆ ಹಗಲಿರುಳು ಅಳೆಯುತ್ತಿರಬೇಕು.

ಆ ಅಳತೆ ಮಿಲಿಮೀಟರುಗಳದ್ದು. ಲಂಡನ್ನಿನ ಜ್ಯೂಬಿಲಿ ಮಾರ್ಗ ವಿಸ್ತರಣೆಗಾಗಿ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣಕ್ಕೆ ಸುಮಾರು 39 ಮೀಟರ್ ಆಳದ ಗುಂಡಿ ತೋಡಿದಾಗ ಪಕ್ಕದ ಬಿಗ್ ಬೆನ್ ಗಡಿಯಾರ ಗೋಪುರ ವಾಲತೊಡಗಿತು. ಎಂಜಿನಿಯರುಗಳು ಗೋಪುರದ ಪಾಯದಡಿಗೆ ಮೊದಲೇ ಕೊಳವೆಗಳನ್ನು ತೂರಿಸಿಟ್ಟಿದ್ದರು. ವಾಲಿದಾಗಲೆಲ್ಲ ಅವುಗಳ ಮೂಲಕ ಗ್ರೌಟ್ ಒತ್ತಿ ನೆಲವನ್ನು ಎತ್ತಿ ಹಿಡಿದರು. ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಕೊಲೋನ್ ಸಾಕ್ಷಿ. 2009ರ ಮಾರ್ಚ್ 3ರಂದು ಮೆಟ್ರೊ ಕಾಮಗಾರಿಯ ಗುಂಡಿಯ ಪಕ್ಕದಲ್ಲಿದ್ದ ನಗರದ ಐತಿಹಾಸಿಕ ದಾಖಲೆಗಳ ಭಂಡಾರವೇ ಕುಸಿದುಬಿತ್ತು. ಇಬ್ಬರು ಸತ್ತರು, ಶತಮಾನಗಳ ಕಾಗದಪತ್ರಗಳು ಕೆಸರಿಗೆ ಬಿದ್ದವು. ನೆಲದೊಳಗಿನ ಗೋಡೆಯ ದೋಷವೇ ಕಾರಣವೆಂದು ತನಿಖೆ ಹೇಳಿತು. ಹಾಗಾಗಿ ನಿಲ್ದಾಣಕ್ಕೆ ಹಣ ಹೋಗುವುದು ಸಹಜ. ಎಷ್ಟು ದೊಡ್ಡ ನಿಲ್ದಾಣ, ಎಷ್ಟು ಆಳದಲ್ಲಿ ಎನ್ನುವಲ್ಲಿ ಮಾತ್ರ ಸಹಜವಲ್ಲದ್ದು ನುಸುಳುತ್ತದೆ.

ನ್ಯೂಯಾರ್ಕಿನ ರೈಲಿಗೆ ಬೇಕಾದ ಪ್ಲಾಟ್‌ಫಾರ್ಮಿನ ಉದ್ದ ಸುಮಾರು 187 ಮೀಟರ್. ಬೇರೆ ನಗರಗಳಲ್ಲಿ ಪ್ಲಾಟ್‌ಫಾರ್ಮಿಗಿಂತ ಸ್ವಲ್ಪವೇ ಉದ್ದದ ಗುಂಡಿ ತೋಡುತ್ತಾರೆ. ಸೆಕೆಂಡ್ ಅವೆನ್ಯೂದಲ್ಲಿ 72ನೇ ಬೀದಿಯ ನಿಲ್ದಾಣಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಉದ್ದ ಅಗೆದರು. ಆ ಹೆಚ್ಚುವರಿ ಜಾಗದಲ್ಲಿ ಪ್ರಯಾಣಿಕರು ಕಾಲಿಡುವುದಿಲ್ಲ. ಅಲ್ಲಿರುವುದು ಯಂತ್ರಗಳ ಕೋಣೆ, ಉಗ್ರಾಣ, ಸಿಬ್ಬಂದಿಯ ಕೋಣೆ. ಮೆಟ್ರೊ ನಡೆಸುವ ಸಂಸ್ಥೆಯೊಳಗಿನ ಒಂದೊಂದು ವಿಭಾಗವೂ ತನ್ನದೇ ಕೋಣೆ ಕೇಳಿತು, ಹಂಚಿಕೊಳ್ಳಿ ಎಂದು ಹೇಳುವವರು ಯಾರೂ ಇರಲಿಲ್ಲ. ಮೂಗಿಗಿಂತ ಮೂಗುತಿ ಭಾರವಾಯಿತು. ಅದೂ ಎಂಥ ಮೂಗುತಿ! ಎರಡು ನಿಲ್ದಾಣಗಳನ್ನು ಮೇಲಿಂದ ತೋಡದೆ ಬಂಡೆಯೊಳಗೆ ಗುಹೆಯಂತೆ ಕೊರೆದದ್ದರಿಂದ ಒಂದೊಂದು ಕೋಣೆಯ ಘನಮೀಟರಿಗೂ ಗಣಿಗಾರಿಕೆಯ ಬೆಲೆ ತೆರಬೇಕಾಯಿತು. ಮೂರು ನಿಲ್ದಾಣಗಳ ವಿನ್ಯಾಸದಲ್ಲಿ ಏಕರೂಪತೆಯೂ ಇರಲಿಲ್ಲ. ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಬಳಸಲು ಆಗಲಿಲ್ಲ.

ಕೋಪನ್‌ಹೇಗನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಚಾಲಕರಿಲ್ಲದ ಪುಟ್ಟ ರೈಲುಗಳು, ಉದ್ದ ನಲವತ್ತು ಮೀಟರಿನಷ್ಟು. ಆದರೆ ಕೆಲವೇ ನಿಮಿಷಕ್ಕೊಂದು. ಉದ್ದದ ರೈಲನ್ನು ಅಪರೂಪಕ್ಕೆ ಓಡಿಸುವ ಬದಲು ಗಿಡ್ಡ ರೈಲನ್ನು ಪದೇಪದೇ ಓಡಿಸಿದರೆ ಸಾಗುವ ಜನರ ಸಂಖ್ಯೆ ಅಷ್ಟೊಂದು ಕುಗ್ಗುವುದಿಲ್ಲ, ಆದರೆ ನಿಲ್ದಾಣದ ಗುಂಡಿ ಮೂರನೇ ಒಂದಕ್ಕೆ ಇಳಿಯುತ್ತದೆ. 2019ರಲ್ಲಿ ತೆರೆದ ಅಲ್ಲಿನ ವೃತ್ತಾಕಾರದ ಮಾರ್ಗದ ಹದಿನೇಳು ನಿಲ್ದಾಣಗಳಲ್ಲಿ ಬಹುತೇಕ ಒಂದೇ ಅಚ್ಚಿನವು. ಗೋಡೆಗೆ ಹೊದಿಸಿದ ಬಣ್ಣ, ಫಲಕಗಳು ಬೇರೆ, ಒಳಗಿನ ಎಲುಬು ಒಂದೇ. ಸ್ಟಾಕ್‌ಹೋಮಿನ ಕೆಲವು ಹಳೆಯ ನಿಲ್ದಾಣಗಳಲ್ಲಿ ಕೊರೆದ ಬಂಡೆಯ ಆಕಾರವನ್ನು ಗೋಡೆ ಕಟ್ಟಿ ಮರೆಮಾಡದೆ ಅದರ ಮೇಲೆಯೇ ಚಿತ್ರ ಬರೆಸಿದರು. ಇವತ್ತು ಪ್ರವಾಸಿಗರು ಅದನ್ನು ನೋಡಲೆಂದೇ ಟಿಕೆಟ್ ಕೊಳ್ಳುತ್ತಾರೆ. ಅಗ್ಗದ ನಿಲ್ದಾಣ ಕುರೂಪವಾಗಿರಬೇಕೆಂಬ ನಿಯಮವೇನಿಲ್ಲ.

ಹಾಗಾದರೆ ಆಳಕ್ಕೆ ಯಾಕೆ ಹೋಗುತ್ತಾರೆ? ಉತ್ತರ ಎಂಜಿನಿಯರಿಂಗಿಗಿಂತ ಹೆಚ್ಚಾಗಿ ರಾಜಕೀಯದಲ್ಲಿದೆ. 1863ರಲ್ಲಿ ಲಂಡನ್ನಿನಲ್ಲಿ ಶುರುವಾದ ಜಗತ್ತಿನ ಮೊದಲ ಮೆಟ್ರೊ, 1904ರ ನ್ಯೂಯಾರ್ಕಿನ ಮೊದಲ ಮಾರ್ಗ, ಎರಡರ ಹೆಚ್ಚಿನ ಭಾಗವನ್ನೂ ರಸ್ತೆ ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿ ಕಟ್ಟಿದ್ದು. ಅದರಷ್ಟು ಅಗ್ಗದ ವಿಧಾನ ಇನ್ನೊಂದಿಲ್ಲ. ಆದರೆ ರಸ್ತೆ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡಿದ್ದರೆ ಅಂಗಡಿಯವರು ಸುಮ್ಮನಿರುವುದಿಲ್ಲ, ಸುಮ್ಮನಿರಬೇಕಾಗಿಯೂ ಇಲ್ಲ. ವ್ಯಾಂಕೂವರ್ ನಗರ 2009ರಲ್ಲಿ ತೆರೆದ ಕೆನಡಾ ಲೈನಿಗಾಗಿ ಕ್ಯಾಂಬಿ ಬೀದಿಯನ್ನು ಹೀಗೆ ಅಗೆದು ಖರ್ಚು ಉಳಿಸಿತು. ವ್ಯಾಪಾರ ಕಳೆದುಕೊಂಡವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಂಗಡಿಯವರಿಗೆ ನೇರವಾಗಿ ಪರಿಹಾರ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು, ಆ ಗಲಾಟೆ ತಪ್ಪಿಸಲು ಆಳಕ್ಕಿಳಿದರೆ ಎಷ್ಟಾಗುತ್ತದೆ ಎಂದು ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಆಡಳಿತಗಳು ಕಡಿಮೆ. ಪರಿಹಾರದ ಹಣ ಸುದ್ದಿಯಾಗುತ್ತದೆ, ಆಳದ ಹಣ ತಾಂತ್ರಿಕ ಅನಿವಾರ್ಯತೆಯ ಹೆಸರಿನಲ್ಲಿ ಮರೆಯಾಗುತ್ತದೆ.

ಈ ಭಯದ ಅತಿರೇಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದೆ. ಅಲ್ಲಿನ ಪೇಟೆಯ ರಸ್ತೆ ಅಗೆಯಬಾರದೆಂದು ಎರಡೂ ಹಳಿಗಳು, ಪ್ಲಾಟ್‌ಫಾರ್ಮುಗಳೂ ಒಂದೇ ಕೊಳವೆಯೊಳಗೆ ಹಿಡಿಸುವಷ್ಟು ದೊಡ್ಡ ಸುರಂಗ ಕೊರೆಯಲು ಯೋಜಿಸಿದರು. ಹತ್ತು ಕಿಲೊಮೀಟರಿನಷ್ಟು ಉದ್ದದ ಆ ಮೆಟ್ರೊ ವಿಸ್ತರಣೆಯ ಅಂದಾಜು 1,200 ಕೋಟಿ ಡಾಲರ್ ದಾಟಿದೆ. ಇಂಥ ಬೃಹತ್ ಕೊಳವೆಯ ಪ್ರಯೋಗವನ್ನು ಬಾರ್ಸಿಲೋನಾದ 9ನೇ ಮಾರ್ಗದಲ್ಲಿ ಮೊದಲೇ ಮಾಡಿ ನೋಡಿಯಾಗಿತ್ತು. ಸ್ಪೇನಿನಂಥ ಅಗ್ಗದ ದೇಶದಲ್ಲೂ ಅದರ ವೆಚ್ಚ ಮೊದಲ ಅಂದಾಜಿನ ಹಲವು ಪಟ್ಟಾಗಿ ಬೆಳೆಯಿತು. ಒಂದೇ ದೇಶ, ಒಂದೇ ಕಾಲ. ಮ್ಯಾಡ್ರಿಡ್ ಅಗ್ಗ, ಬಾರ್ಸಿಲೋನಾ ದುಬಾರಿ. ನೆಲದ ಗುಣ, ಕೂಲಿಯ ದರದ ಮಾತು ಇಲ್ಲಿಗೆ ಮುಗಿಯಬೇಕು.

ಮ್ಯಾಡ್ರಿಡ್ ಏನು ಮಾಡಿತು? 1995ರಿಂದ 2003ರವರೆಗಿನ ವಿಸ್ತರಣೆಯ ಚುಕ್ಕಾಣಿ ಹಿಡಿದವರು ಮನುಯೆಲ್ ಮೆಲಿಸ್ ಮೈನಾರ್, ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಸಂಸ್ಥೆಯೊಳಗೇ ಅನುಭವಿಗಳ ಒಂದು ಸಣ್ಣ ತಂಡ ಇಟ್ಟುಕೊಂಡು, ಕಾಮಗಾರಿಯ ಸ್ಥಳದಲ್ಲಿ ಎದ್ದ ಪ್ರಶ್ನೆಗೆ ದಿನದೊಳಗೆ ಉತ್ತರ ಸಿಗುವಂತೆ ನೋಡಿಕೊಂಡರು. ಟೆಂಡರಿನಲ್ಲಿ ಬೆಲೆಗೆ ಕೊಟ್ಟ ತೂಕ ಶೇ 30 ಮಾತ್ರ, ತಾಂತ್ರಿಕ ಗುಣಕ್ಕೆ ಶೇ 50, ಉಳಿದದ್ದು ವೇಗಕ್ಕೆ. ಅತಿ ಕಡಿಮೆ ಬೆಲೆ ಹೇಳಿದವನಿಗೆ ಕೆಲಸ ಕೊಟ್ಟು, ಆಮೇಲೆ ಅವನು ತರುವ ಹೆಚ್ಚುವರಿ ಬಿಲ್ಲುಗಳ ಜೊತೆ ವರ್ಷಗಟ್ಟಲೆ ಗುದ್ದಾಡುವುದಕ್ಕಿಂತ ಇದು ಅಗ್ಗವಾಯಿತು. ಒಂದೊಂದು ಕೆಲಸಕ್ಕೂ ಪ್ರತ್ಯೇಕ ದರ ನಿಗದಿಯಾಗಿದ್ದರಿಂದ ನೆಲದಲ್ಲಿ ಅನಿರೀಕ್ಷಿತವಾಗಿ ಏನಾದರೂ ಸಿಕ್ಕರೆ ಚೌಕಾಸಿಗೆ ಎಡೆಯಿರಲಿಲ್ಲ. ಅಳತೆ ಮಾಡು, ದರದಿಂದ ಗುಣಿಸು, ಪಾವತಿಸು. ಹೆಸರಾಂತ ವಾಸ್ತುಶಿಲ್ಪಿಗಳ ಸಹಿಯುಳ್ಳ ನಿಲ್ದಾಣಗಳ ಮೋಹಕ್ಕೂ ಅವರು ಬೀಳಲಿಲ್ಲ.

ದುಬಾರಿ ನಗರಗಳ ಚಿತ್ರ ಇದಕ್ಕೆ ಉಲ್ಟಾ. ಸೆಕೆಂಡ್ ಅವೆನ್ಯೂದಲ್ಲಿ ವಿನ್ಯಾಸ, ಮೇಲುಸ್ತುವಾರಿ, ಸಲಹೆಗಾರರ ಶುಲ್ಕವೇ ನಿರ್ಮಾಣ ವೆಚ್ಚದ ಶೇ 21ರಷ್ಟಾಯಿತು. ಸ್ಪೇನ್, ಇಟಲಿ, ಟರ್ಕಿಗಳಲ್ಲಿ ಸಾಮಾನ್ಯವಾಗಿ ಶೇ 5ರಿಂದ 10. ಸರ್ಕಾರಿ ಸಂಸ್ಥೆಯ ಎಂಜಿನಿಯರುಗಳನ್ನು ಉಳಿತಾಯದ ಹೆಸರಿನಲ್ಲಿ ಮನೆಗೆ ಕಳಿಸಿ, ಅದೇ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿದರೆ, ಹೊರಗಿನವರು ಸರಿಯಾಗಿ ಮಾಡಿದ್ದಾರೆಯೇ ಎಂದು ನೋಡಲು ಮತ್ತೊಬ್ಬ ಸಲಹೆಗಾರ ಬೇಕಾಗುತ್ತಾನೆ. ಈ ಬೇಡಿಕೆ ಅನಗತ್ಯ, ಈ ಕೋಣೆ ಬೇಡ, ಈ ಬಿಲ್ ಒಪ್ಪುವುದಿಲ್ಲ ಎಂದು ಹೇಳುವ ಜ್ಞಾನ, ಧೈರ್ಯ ಎರಡೂ ಒಳಗೆ ಉಳಿದಿರುವುದಿಲ್ಲ. ಬಾಸ್ಟನ್ನಿನ ಗ್ರೀನ್ ಲೈನ್ ವಿಸ್ತರಣೆ ಸುರಂಗವೇ ಅಲ್ಲ, ನೆಲದ ಮೇಲಿನ ಹಳಿ. ಅದರ ಅಂದಾಜೂ 2015ರಲ್ಲಿ 300 ಕೋಟಿ ಡಾಲರಿನತ್ತ ಓಡಿ ಯೋಜನೆಯೇ ನಿಲ್ಲುವ ಹಂತ ಬಂತು. ಗುತ್ತಿಗೆ ರದ್ದು ಮಾಡಿ, ಹೊಸ ತಂಡ ಕೂರಿಸಿ, ನಿಲ್ದಾಣಗಳ ಆಡಂಬರ ಕತ್ತರಿಸಿದ ಮೇಲೆ ಸುಮಾರು 230 ಕೋಟಿಗೆ ಇಳಿಯಿತು. ಹಳಿ, ರೈಲು, ನಿಲ್ದಾಣಗಳ ಸಂಖ್ಯೆ ಹಾಗೆಯೇ ಉಳಿದವು.

ಲಂಚದ ಮಾತನ್ನೂ ಆಡಬೇಕು. 1992ರಲ್ಲಿ ಮಿಲಾನಿನಿಂದ ಶುರುವಾದ ‘ಮಾನಿ ಪುಲಿತೆ’ ತನಿಖೆ ಇಟಲಿಯ ಗುತ್ತಿಗೆ ವ್ಯವಹಾರಗಳನ್ನು ಬಿಚ್ಚಿಟ್ಟಿತು. ಮಿಲಾನ್ ಮೆಟ್ರೊ ಗುತ್ತಿಗೆಗಳಲ್ಲಿ ರಾಜಕೀಯ ಪಕ್ಷಗಳ ಪಾಲು ಲೆಕ್ಕ ಹಾಕಿದಂತೆ ಹಂಚಿಕೆಯಾಗುತ್ತಿತ್ತು. ತನಿಖೆಯ ನಂತರದ ಕೆಲವೇ ವರ್ಷಗಳಲ್ಲಿ ಕಿಲೊಮೀಟರ್ ವೆಚ್ಚ ಅರ್ಧಕ್ಕಿಂತ ಕೆಳಗಿಳಿಯಿತು. ಲಂಚದ ಹಣವಷ್ಟೇ ಉಳಿದಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ. ಲಂಚ ಕೊಟ್ಟವನಿಗೆ ಪೈಪೋಟಿಯ ಭಯವಿರುವುದಿಲ್ಲ, ಕೆಲಸ ಎಳೆದಷ್ಟೂ ಲಾಭ. ಆ ಇಡೀ ವ್ಯವಸ್ಥೆ ಕುಸಿದದ್ದರಿಂದ ಬೆಲೆ ಬಿತ್ತು. ಆದರೆ ದುಬಾರಿ ಎಂದ ಕೂಡಲೇ ಯಾರೋ ತಿಂದರು ಎಂದು ತೀರ್ಮಾನಿಸುವುದೂ ಆಲಸ್ಯವೇ. ಜಗತ್ತಿನ ಅತಿ ದುಬಾರಿ ಸುರಂಗಗಳಲ್ಲಿ ಹೆಚ್ಚಿನ ಹಣ ಪೂರ್ತಿ ಕಾನೂನುಬದ್ಧವಾಗಿ, ರಸೀದಿ ಸಹಿತ ಖರ್ಚಾಗಿದೆ.

ಅಂದಾಜು ಮೀರುವುದು, ದುಬಾರಿಯಾಗಿರುವುದು ಎರಡೂ ಬೇರೆ ಬೇರೆ ರೋಗ. ಸುದ್ದಿಯಾಗುವುದು ಮೊದಲನೆಯದು. ಲಂಡನ್ನಿನ ಕ್ರಾಸ್‌ರೈಲ್ ಯೋಜನೆಯ 1,480 ಕೋಟಿ ಪೌಂಡಿನ ಬಜೆಟ್ 1,900 ಕೋಟಿಯ ಹತ್ತಿರ ಹೋಯಿತು, 2018ರ ಡಿಸೆಂಬರಿನಲ್ಲಿ ಓಡಬೇಕಿದ್ದ ರೈಲು 2022ರ ಮೇ ತಿಂಗಳಲ್ಲಿ ಓಡಿತು. ಗಮನಿಸಬೇಕಾದ್ದೇನೆಂದರೆ ಅದರ ಸುರಂಗ ಕೊರೆತ 2015ರಲ್ಲೇ ಮುಗಿದಿತ್ತು! ಉಳಿದ ಏಳು ವರ್ಷ ನುಂಗಿದ್ದು ನಿಲ್ದಾಣಗಳು ಮತ್ತು ಮೂರು ಬಗೆಯ ಸಿಗ್ನಲ್ ವ್ಯವಸ್ಥೆಗಳನ್ನು ಒಂದೇ ರೈಲಿಗೆ ಹೊಂದಿಸುವ ಕೆಲಸ. ಎರಡನೆಯ ರೋಗ ಸದ್ದಿಲ್ಲದ್ದು. ಮೊದಲ ಅಂದಾಜೇ ಆಕಾಶದಲ್ಲಿದ್ದು, ಅದರೊಳಗೇ ಕೆಲಸ ಮುಗಿದರೆ ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಾರೆ.

ಸೋಲ್, ಇಸ್ತಾಂಬುಲ್, ಮ್ಯಾಡ್ರಿಡ್‌ಗಳ ಇನ್ನೊಂದು ಸಮಾನ ಗುಣವೆಂದರೆ ಅವು ಕಟ್ಟುವುದನ್ನು ನಿಲ್ಲಿಸದೆ ಕಟ್ಟಿದವು. ಒಂದು ಮಾರ್ಗ ಮುಗಿಸಿದ ಎಂಜಿನಿಯರು, ಮೇಸ್ತ್ರಿ, ಯಂತ್ರ ಎಲ್ಲವೂ ಮುಂದಿನ ಮಾರ್ಗಕ್ಕೆ ಹೋಗುತ್ತವೆ, ಗುತ್ತಿಗೆದಾರರ ಸಂಖ್ಯೆ ಬೆಳೆಯುತ್ತದೆ. ಮೂವತ್ತು ವರ್ಷಕ್ಕೊಮ್ಮೆ ಒಂದು ಮಾರ್ಗ ಕಟ್ಟುವ ನಗರ ಪ್ರತಿ ಸಲವೂ ಅಕ್ಷರಾಭ್ಯಾಸದಿಂದ ಶುರು ಮಾಡುತ್ತದೆ. ಮುಂದಿನ ಅವಕಾಶ ಯಾವಾಗಲೋ ಎಂಬ ಭಯದಿಂದ ಎಲ್ಲರೂ ತಮ್ಮ ಬೇಡಿಕೆಯನ್ನೆಲ್ಲ ಇದೊಂದೇ ಯೋಜನೆಗೆ ತುರುಕುತ್ತಾರೆ. ಮಾರ್ಗ ದುಬಾರಿಯಾದದ್ದರಿಂದ ಕಡಿಮೆ ಕಟ್ಟುತ್ತಾರೆ, ಕಡಿಮೆ ಕಟ್ಟುವುದರಿಂದ ದುಬಾರಿಯಾಗುತ್ತದೆ.

ಸೆಕೆಂಡ್ ಅವೆನ್ಯೂ ಈಗ ಎರಡನೇ ಹಂತಕ್ಕೆ ಕಾಲಿಟ್ಟಿದೆ: ಎರಡೂವರೆ ಕಿಲೊಮೀಟರಿನ ಆಸುಪಾಸು, ಮೂರು ನಿಲ್ದಾಣ, ಸುಮಾರು 700 ಕೋಟಿ ಡಾಲರ್. ಇದೇ ಬೀದಿಯ ಕೆಳಗೆ 1970ರ ದಶಕದಲ್ಲಿ ಕೆಲವು ಸುರಂಗ ತುಂಡುಗಳನ್ನು ತೋಡಲಾಗಿತ್ತು. ನಗರದ ಬೊಕ್ಕಸ ಬರಿದಾಗಿ 1975ರಲ್ಲಿ ಕೆಲಸ ನಿಂತ ಮೇಲೆ ಅವು ಖಾಲಿ ಬಿದ್ದಿದ್ದವು. ಟೀಕೆಗಳ ಸುರಿಮಳೆಯ ನಂತರ ಸಂಸ್ಥೆ ಲೆಕ್ಕವನ್ನು ಮತ್ತೆ ನೋಡಿದೆ. ಪ್ರಯಾಣಿಕರು ಕಾಲಿಡದ ಕೋಣೆಗಳನ್ನು ಕಿರಿದುಗೊಳಿಸಿದೆ, ಆ ಹಳೆಯ ಸುರಂಗದ ತುಂಡೊಂದನ್ನು 116ನೇ ಬೀದಿಯ ನಿಲ್ದಾಣಕ್ಕೆ ಬಳಸಿಕೊಳ್ಳಲು ತೀರ್ಮಾನಿಸಿದೆ. ಆ ಒಂದು ತೀರ್ಮಾನದಿಂದಲೇ ಸುಮಾರು 50 ಕೋಟಿ ಡಾಲರ್ ಉಳಿಯುತ್ತದೆ ಎಂದು ಸಂಸ್ಥೆಯೇ ಹೇಳಿಕೊಂಡಿದೆ.